ಬಣ್ಣ ಕೆರೆದು ನೋಡಿದ ಜಾಬರ್

ಇಚಲಕರಂಜಿಯಲ್ಲಿ ಆಸ್ಪತ್ರೆಗೆ ಒಂದು ಫ್ಯಾನು ದಾನ ಕೊಟ್ಟರೂ ಅದರ ಮೂರು ರೆಕ್ಕೆಗಳ ಮೇಲೂ ಕೊಟ್ಟವರ ಹೆಸರು ಬರೆಸುತ್ತಾರೆ. ತಿರುಗುವಾಗ ಓದಲು ಬರುವುದಿಲ್ಲವೆಂದು ಗೋಡೆಗೂ ಒಂದು ಕಲ್ಲು ಹಾಕಿಸುತ್ತಾರೆ. ನಮ್ಮ ಧರ್ಮಾರ್ಥ ಆಸ್ಪತ್ರೆಯಲ್ಲಿ ಇಂಥ ಕಲ್ಲುಗಳು ಎಷ್ಟಿವೆಯೆಂದರೆ ಒಂದು ಕ್ಯಾಲೆಂಡರ್ ತೂಗುಹಾಕಲು ಜಾಗವಿಲ್ಲ. ಅಂಥ ಕಡೆ, ಡಯಾಲಿಸಿಸ್ ಕೋಣೆಗೆ ಯಾರ ಹೆಸರೂ ಇಲ್ಲದ ಹೊಸ ಮಶೀನು ಬಂದು ನಿಂತಾಗ ಶಂಕರಲಿಂಗ ಮಾಮಾ ಅದನ್ನು ಕಳ್ಳನನ್ನು ನೋಡಿದಂತೆ ನೋಡಿದರು.

"ಸಿಸ್ಟರ್, ಇದನ್ನ ಕೊಟ್ಟಾಂವ ಯಾರು?"

ನಾನು ಸಿಸ್ಟರ್ ಅಲ್ಲ, ಟೆಕ್ನಿಶಿಯನ್. ಹೆಸರು ರುತುಜಾ. ರೋಗಿಯ ರಕ್ತವನ್ನು ಮಶೀನಿನಲ್ಲಿ ಹಾಯಿಸಿ, ತೊಳೆದು, ಮತ್ತೆ ಮೈಗೆ ಸೇರಿಸುವುದು ನನ್ನ ಕೆಲಸ. ನಾಲಿಗೆ ಸ್ವಲ್ಪ ಉದ್ದ ಎನ್ನುತ್ತಾರೆ, ಅನ್ನಲಿ.

"ಗೊತ್ತಿಲ್ಲ ಮಾಮಾ. ಹೆಸರ ಬ್ಯಾಡ ಅಂದಾರಂತ."

"ಹೆಸರ ಬ್ಯಾಡ ಅನ್ನಾಂವ ಏನರೆ ಮುಚ್ಚಿಡಾಕತ್ತಿರತಾನ," ಎಂದು ಮಾಮಾ ಮಶೀನಿನ ಬೆನ್ನನ್ನು ಉಗುರಿನಿಂದ ಗೀರಲು ಹೋದರು. ನಾನು ಕೈ ಹಿಡಿದು ಹೊರಗೆ ಕಳಿಸಿದೆ.

ಮಾಮಾ ನೇಸರಿ ಎಂಬ ಹಳ್ಳಿಯವರು. ಹದಿನೆಂಟನೇ ವಯಸ್ಸಿಗೆ ಇಲ್ಲಿಗೆ ಬಂದು ಪವರ್‌ಲೂಮ್ ಶೆಡ್ಡು ಹೊಕ್ಕವರು ಜಾಬರ್ ಆದರು, ಅಂದರೆ ಕೆಟ್ಟ ಮಗ್ಗ ರಿಪೇರಿ ಮಾಡುವವರು. ನಿಂತ ಮಗ್ಗದ ಮೇಲೆ ಅಂಗೈ ಇಟ್ಟು ಎಲ್ಲಿ ಸವೆದಿದೆ ಎಂದು ಹೇಳುತ್ತಿದ್ದರಂತೆ. ನಲವತ್ತು ವರ್ಷದ ಖಟಖಟದಲ್ಲಿ ಕಿವಿ ಮಂದವಾಯಿತು. ಆ ಸದ್ದಿನಲ್ಲಿ ಯಾರೂ ದನಿ ತೆಗೆದು ಮಾತಾಡುವುದಿಲ್ಲ, ತುಟಿ ಮಾತ್ರ ಆಡಿಸುತ್ತಾರೆ. ಇಪ್ಪತ್ತು ಮಗ್ಗದಾಚೆ ನಿಂತವನ ಮಾತನ್ನೂ ಮಾಮಾ ತುಟಿ ನೋಡಿ ಓದಬಲ್ಲರು. ಅವರ ಎದುರು ಗೊಣಗುವಂತೆಯೂ ಇಲ್ಲ.

ಅವರ ಹೆಂಡತಿ ಹಾಲವ್ವ ಮಾವಶಿಗೆ ಕಿಡ್ನಿ ಹೋಗಿ ನಾಲ್ಕು ವರ್ಷ. ವಾರಕ್ಕೆ ಮೂರು ಸಲ ರಕ್ತ ಶುದ್ಧ ಮಾಡಬೇಕು, ನಮ್ಮಲ್ಲಿ ಎರಡೇ ಸಲ ಆಗುತ್ತಿತ್ತು. ಬೇಸಿಗೆಯಲ್ಲಿ ಇದ್ದ ಎರಡು ಮಶೀನುಗಳಲ್ಲಿ ಒಂದು ಕೆಟ್ಟು ನಿಂತಿತು. ಅರ್ಧ ರೋಗಿಗಳು ಸರಕಾರಿ ಎಸ್‌ಟಿ ಬಸ್ಸಿನಲ್ಲಿ ಕೊಲ್ಹಾಪುರಕ್ಕೆ ಅಲೆದರು. ಸೋಮವಾರದ ಪಾಳಿಯ ಯಮುನವ್ವ ಹಾಗೆ ಹೋಗುವಾಗ ಬಸ್ಸಿನಲ್ಲೇ ತೀರಿಕೊಂಡಳು. ಅವಳು ನನಗಾಗಿ ತರುತ್ತಿದ್ದ ಶೇಂಗಾ ಚಟ್ನಿಯ ಡಬ್ಬಿ ನನ್ನ ಕಪಾಟಿನಲ್ಲೇ ಉಳಿಯಿತು. ಆ ವಾರವೆಲ್ಲ ನಾನು ಅತ್ತೆ. ಆದ್ದರಿಂದ ಹೊಸ ಮಶೀನು ಬಂದಾಗ, ಕೊಟ್ಟವರು ಕಳ್ಳರಾದರೂ ಸರಿ, ಅವರಿಗೆ ಕೈ ಮುಗಿಯುವಷ್ಟು ಖುಷಿ ನನಗೆ. ಇನ್ನು ಯಾರೂ ಬಸ್ಸು ಹತ್ತಬೇಕಿಲ್ಲ. ಮಾವಶಿಗೂ ವಾರಕ್ಕೆ ಮೂರು ಸಲ ಸಿಗಬಹುದು.

ಆದರೆ ಮಾಮಾ ಬಿಡಲಿಲ್ಲ. ಮರುದಿನ ಗಾಜಿನ ಬಾಗಿಲಾಚೆ ನಿಂತು, ಒಳಗೆ ಟ್ರಸ್ಟಿನ ಕಾರ್ಯದರ್ಶಿ ಭರತೇಶ ಅವರು ಡಾಕ್ಟರ ಜತೆ ಮಾತಾಡುವುದನ್ನು ಕಂಡರು. ಡಾಕ್ಟರ ಬೆನ್ನು ಮಾಮಾನ ಕಡೆಗಿತ್ತು, ಭರತೇಶರ ಮುಖ ಮಾತ್ರ ಕಾಣುತ್ತಿತ್ತು. ಓದಿದ್ದನ್ನು ಮಾಮಾ ನನ್ನ ಮುಂದೆ ಒಂದಕ್ಷರ ಬಿಡದೆ ಒಪ್ಪಿಸಿದರು.

"'ಶಂಕರಲಿಂಗಗ ಇದು ಗೊತ್ತಾಗಬಾರದ್ರಿ. ಗೊತ್ತಾತಂದ್ರ ಹೆಂಡತೀನ್ನ ಈ ಮಶೀನಿಗಿ ಕೊಡೂದಿಲ್ಲ.' ಹಿಂಗಂದ್ರು. ನನ್ನ ಹೆಸರ ತಗೊಂಡ ಅಂದ್ರು! ಮತ್ತ ಇದೇನು ಹೊಸ ಮಶೀನ ಅಂತೀಯೇನ?"

"ಕಾಗದ ನಾನ ನೋಡೇನಿ ಮಾಮಾ. ಹೊಚ್ಚ ಹೊಸಾದು."

"ಕಾಗದಾನೂ ಹೊಸಾದು ಮಾಡಸ್ತಾರ." ಮಾಮಾ ಸುತ್ತ ನೋಡಿ ನನ್ನ ಹತ್ತಿರ ಬಾಗಿದರು. "ನಾನ ಮಾಡೇನಿ ಈ ಕೆಲಸಾ. ಮಾಲಕ ಗುಜರಿ ಮಗ್ಗ ತರಾಂವ. ನಾ ಕೆರದು ಹಸರ ಬಣ್ಣ ಹಚ್ಚಾಂವ. ಹೊಸಾದು ಅಂತ ಶೆಡ್ಡಿನ್ಯಾಗ ನಿಲ್ಲಸ್ತಿದ್ವಿ. ಅಂಥಾ ಒಂದು ಮಗ್ಗದಾಗ ಲಾಳಿ ಇರೂ ಪೆಟ್ಟಗಿ ಸವದಿತ್ತು. ಬಣ್ಣದ ಕೆಳಗ ಯಾರಿಗಿ ಕಾಣ್ತೈತಿ? ಲಾಳಿ ಚಿಮ್ಮಿ ಒಬ್ಬನ ಕಣ್ಣ ಹೋತು. ಮೂವತ್ತ ವರ್ಷ ಆತು, ನಾ ಅವನ ಓಣಿಗಿ ಸೈಕಲ್ ಹೊಳ್ಳಿಸಿಲ್ಲ."

ಅದನ್ನು ಕೇಳಿ ನನ್ನ ತಲೆಗೂ ಸಂಶಯ ಹೊಕ್ಕಿತು. ಆ ದಿನ ನಾನು ಡಾಕ್ಟರ ಬಳಿಯಾಗಲಿ ಭರತೇಶರ ಬಳಿಯಾಗಲಿ ಹೋಗಿ ಕೇಳಬೇಕಿತ್ತು. ಕೇಳಲಿಲ್ಲ. ಮಶೀನನ್ನೇ ಎರಡು ಸಲ ಪರೀಕ್ಷೆ ಮಾಡಿದೆ. ನೀರು, ಒತ್ತಡ, ಎಚ್ಚರಿಕೆಯ ಗಂಟೆ ಎಲ್ಲ ಸರಿಯಾಗಿತ್ತು. ಆರು ರೋಗಿಗಳು ಅದರ ಪಕ್ಕ ಮಲಗಿ ರಕ್ತ ತೊಳೆಸಿಕೊಂಡು, ಚಹಾ ಕುಡಿದು ನಗುತ್ತಾ ಮನೆಗೆ ಹೋದರು. ಮಾಮಾ ಮಾತ್ರ, "ಲಾಳೀನೂ ಮೊದಲನೇ ವಾರದಾಗ ಚಿಮ್ಮಲಿಲ್ಲ," ಎಂದು ಹೆಂಡತಿಯನ್ನು ಬಸ್ಸಿನಲ್ಲಿ ಕೊಲ್ಹಾಪುರಕ್ಕೆ ಕರೆದೊಯ್ದರು. ಅಲ್ಲಿ ಒಮ್ಮೆ ಪಾಳಿ ಸಿಕ್ಕಿತು, ಮುಂದೆ ಎರಡು ಸಲ ಸಿಗಲಿಲ್ಲ.

ಮರುವಾರ ಬುಧವಾರ ಬೆಳಿಗ್ಗೆ ಮಾವಶಿಯನ್ನು ರಿಕ್ಷಾದಲ್ಲಿ ಹಾಕಿಕೊಂಡು ಬಂದರು. ಮುಖ ಊದಿ ಕಣ್ಣು ಮುಚ್ಚಿಹೋಗಿತ್ತು, ಒಂದೊಂದು ಉಸಿರಿಗೂ ಭುಜ ಏಳುತ್ತಿತ್ತು. ಆಕ್ಸಿಜನ್ ಹಚ್ಚಿದೆವು. ಹಳೆ ಮಶೀನಿನಲ್ಲಿ ಬೇರೆ ರೋಗಿಯ ಡಯಾಲಿಸಿಸ್ ಅರ್ಧಕ್ಕೆ ಬಂದಿತ್ತು. ಹೊಸದು ಖಾಲಿ ನಿಂತಿತ್ತು. ಆದರೆ ಮಾಮಾ ಹೆಂಡತಿಯ ಕೈ ಬಿಡಲೊಲ್ಲರು!

"ಹಳೇದು ಖಾಲಿ ಆಗೂತನಕ ತಡೀತೇವಿ."

"ಅಲ್ಲೀತನಕ ಮಾವಶಿ ತಡೀಬೇಕಲ್ರಿ!" ಎಂದು ಕಿರುಚಿದೆ. ಮಾವಶಿ ಅವರ ಕೈಯಿಂದ ತನ್ನ ಕೈ ಬಿಡಿಸಿಕೊಳ್ಳಲು ನೋಡಿದಳು, ಆ ಕೈಯಲ್ಲಿ ಬಲವಿರಲಿಲ್ಲ.

ನಾನು ಮೆಟ್ಟಿಲಿಳಿದು ಭರತೇಶರ ಕೋಣೆಗೆ ನುಗ್ಗಿದೆ. ಕೊಟ್ಟವರ ಹೆಸರು ಹೇಳಿ, ಇಲ್ಲವಾದರೆ ಒಂದು ಜೀವ ನಿಮ್ಮ ತಲೆಯ ಮೇಲೆ ಬರುತ್ತದೆ ಎಂದೆ. ಅವರು ಎದ್ದು ಬಾಗಿಲು ಮುಚ್ಚಿ ಹೇಳಿದರು: ಧೋಂಡಿಬಾ. ನಮ್ಮ ಯಮುನವ್ವನ ಗಂಡ. ರಸ್ತೆ ಅಗಲ ಮಾಡಲು ಹೋದ ಹೊಲದ ಪರಿಹಾರ ಬಂದಿತ್ತಂತೆ. ಆ ದಿನ ಡಾಕ್ಟರು ಕೇಳಿದ್ದು, ಯಾರ ಹೆಸರಿನ ಕಲ್ಲು ಹಾಕಿಸೋಣ ಎಂದು. ಆ ಪ್ರಶ್ನೆ ಮಾಮಾಗೆ ಕಂಡಿರಲಿಲ್ಲ. ಕೊಟ್ಟದ್ದು ನಾನೆಂದರೆ ಅವನು ನಾಚಿ ದೂರ ಉಳಿದಾನು, ಶಂಕರಲಿಂಗನಿಗೆ ಗೊತ್ತಾಗಬಾರದು ಎಂದು ಷರತ್ತು ಹಾಕಿದ್ದೂ ಧೋಂಡಿಬಾನೇ.

ಗುಟ್ಟು ಕಾಯುತ್ತೇನೆಂದು ನಾನು ಮಾತು ಕೊಟ್ಟವಳಲ್ಲ. ಧೋಂಡಿಬಾಗೆ ಫೋನು ಮಾಡಿದೆ. ಹತ್ತು ನಿಮಿಷದಲ್ಲಿ ಸೈಕಲ್ ಮೇಲೆ ಬಂದ. ಎಡಗಣ್ಣು ಗುಳಿ ಬಿದ್ದಿತ್ತು, ಲಾಳಿ ಬಡಿದವನು ಇವನೇ ಎಂದು ನನಗೆ ಆಗ ಹೊಳೆಯಿತು. ಮಾಮಾ ಅವನನ್ನು ಕಂಡು ಗೋಡೆಗೆ ಒರಗಿದರು, ಎಲ್ಲಿ ನೋಡಬೇಕೆಂದು ತಿಳಿಯದೆ ನೆಲ ನೋಡಿದರು. ಧೋಂಡಿಬಾ ಗಲ್ಲ ಹಿಡಿದು ಅವರ ಮುಖ ಮೇಲೆತ್ತಿದ. ಮಾವಶಿಗೆ ಕೇಳಿಸಬಾರದೆಂದೋ ಏನೋ, ಶೆಡ್ಡಿನಲ್ಲಿದ್ದ ಹಾಗೆ ದನಿಯಿಲ್ಲದೆ ತುಟಿ ಆಡಿಸಿದ. ಕಿವಿ ಮಂದವಾದ ಮಗ್ಗದವರ ನಡುವೆ ಏಳು ವರ್ಷ ದುಡಿದ ನನಗೂ ಅಷ್ಟು ಓದಲು ಬರುತ್ತದೆ.

"ನೋಡ, ಶಂಕರ್ಯಾ. ಆ ಮಗ್ಗದ ಬಣ್ಣಾ ನೀನ ಹಚ್ಚಿದ್ದಿ ಅಂತ ನನಗ ಆವತ್ತಿಂದ ಗೊತ್ತೈತಿ. ಈ ಮಶೀನ ನಾ ಕೊಟ್ಟೇನಿ, ಯಮುನಿ ಸಲುವಾಗಿ. ನಂಬಿಕಿ ಇಲ್ಲಂದ್ರ ಕೆರದು ನೋಡು."

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕಾಲಿಗೆ ಬೀಳುತ್ತಿದ್ದರು. ನಮ್ಮ ಮಾಮಾ ಅಂಗಿಯ ಜೇಬಿನಿಂದ ನಟ್ಟು ತಿರುವುವ ಪಾನಾ ತೆಗೆದು, ಮಶೀನಿನ ಹಿಂದೆ ಕುಳಿತು, ಬೆನ್ನಿನ ತಗಡನ್ನು ಕೆರೆದೇ ಬಿಟ್ಟರು. ನನಗೆ ಎಷ್ಟು ಸಿಟ್ಟು ಬಂತೆಂದರೆ ಕೈಗೆ ಸಿಕ್ಕ ಟ್ರೇ ಎತ್ತಿದ್ದೆ. ಬಿಳಿ ಬಣ್ಣದ ಕೆಳಗೆ ಇನ್ನೊಂದು ಬಣ್ಣವಿರಲಿಲ್ಲ. ಥಳಥಳಿಸುವ ತಗಡು ಕಂಡಿತು. ಮಾಮಾ ಅದರ ಮೇಲೆ ಬೆರಳಾಡಿಸಿದರು.

"ಹಚ್ಚ್ರಿ ಸಿಸ್ಟರ್," ಎಂದರು.

ನಾಲ್ಕು ತಾಸು ಹಿಡಿಯಿತು. ಎರಡನೇ ತಾಸಿಗೆ ಮಾವಶಿ ಕಣ್ಣು ತೆರೆದು ನೀರು ಕೇಳಿದಳು. ಹೊರಗಿನ ಬಾಕಿನ ಮೇಲೆ ಇಬ್ಬರೂ ಎದುರುಬದುರಾಗಿ ಕುಳಿತು ಬರೀ ತುಟಿ ಆಡಿಸುತ್ತಿದ್ದರು. ನಡುವೆ ಒಮ್ಮೆ ಮಾಮಾ ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. ಓದಲು ಬರುತ್ತಿತ್ತು, ಆದರೂ ನಾನು ಈ ಕಡೆ ತಿರುಗಿ ಕುಳಿತೆ.

ಈಗ ಮಾವಶಿ ವಾರಕ್ಕೆ ಮೂರು ಸಲ ಬರುತ್ತಾಳೆ. ನಮ್ಮ ಪಾಳಿಯವರು ಯಾರೂ ಕೊಲ್ಹಾಪುರದ ಬಸ್ಸು ಹತ್ತುವುದಿಲ್ಲ. ಹೋದ ತಿಂಗಳು ಕಂಪನಿಯ ಹುಡುಗ ಸರ್ವಿಸಿಂಗಿಗೆ ಬಂದವನು ಬೆನ್ನಿನ ಗೀರು ನೋಡಿ ಮುಖ ಸಿಂಡರಿಸಿದ, ಚೀಲದಿಂದ ಬಿಳಿ ಬಣ್ಣದ ಸಣ್ಣ ಡಬ್ಬಿ ತೆಗೆದ. ಮಾವಶಿಯ ಕಾಲ ಬಳಿ ಕುಳಿತಿದ್ದ ಮಾಮಾ ಎದ್ದು ಬಂದು ಅವನ ಕೈ ಹಿಡಿದರು.

"ಬಣ್ಣ ಹಚ್ಚಬ್ಯಾಡಪಾ. ಹಂಗ ಕಾಣ್ಲಿ."