ಬೀರುವಿನ ಹಿಂದಿನ ಸ್ಟುಡಿಯೊ

ಕಳೆದ ವಾರ ಗುಬ್ಬಿಯ ನಮ್ಮ ಮನೆಯ ಬಾಗಿಲಿಗೆ ಬಣ್ಣ ಹೊಡೆಯಲು ಬಂದವರು ಟರ್ಪೆಂಟೈನ್ ಡಬ್ಬಿಯ ಮುಚ್ಚಳ ತೆಗೆದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ತುಮಕೂರಿನ ಚಿತ್ರಕಲಾ ಶಾಲೆಯಲ್ಲಿ ನನಗಿಂತ ಒಂದು ವರ್ಷ ಮುಂದಿದ್ದ ಕುಣಿಗಲ್‌ನ ಅಕ್ಕ ನೆನಪಾದಳು...

ಸ್ಟುಡಿಯೊ ಎಲ್ಲರಿಗೂ ಒಂದೇ. ಕಿಟಕಿ ಪಕ್ಕದ ಜಾಗ ಮೊದಲು ಬಂದವರ ಪಾಲು. ದಿನಾ ಕುಣಿಗಲ್‌ನಿಂದ ಬಸ್ಸಿನಲ್ಲಿ ಬರುತ್ತಿದ್ದ ಅಕ್ಕನಿಗೆ ಉಳಿದದ್ದು ಕಬ್ಬಿಣದ ಬೀರುವಿನ ಹಿಂದಿನ ಮೂಲೆ. ಕಾಲು ಮುರಿದ ಬೆಂಚನ್ನು ಗೋಡೆಗೆ ಒರಗಿಸಿ ಅದನ್ನೇ ಚಿತ್ರ ನಿಲ್ಲಿಸುವ ಈಸೆಲ್ ಮಾಡಿಕೊಂಡಿದ್ದಳು. ಹಳೆಯ ಫ್ಲೆಕ್ಸ್ ಬ್ಯಾನರೇ ಪರದೆ. ಅದರೊಳಗೆ ಒಂದು ದೊಡ್ಡ ಚಿತ್ರ: ಕುದುರೆ ಫಾರಂನಲ್ಲಿ ಕೆಲಸ ಮಾಡುತ್ತಿದ್ದ ಅವಳ ಅಪ್ಪ ಗಬ್ಬದ ಕುದುರೆಯೊಂದರ ಕೊರಳು ಸವರುತ್ತಿರುವುದು.

ಅಕ್ಕನಿಗೆ ಉಬ್ಬಸವಿತ್ತು. ಎಣ್ಣೆಬಣ್ಣ, ಅದಕ್ಕೆ ಬೆರೆಸುವ ಟರ್ಪೆಂಟೈನ್, ಎರಡರ ಹತ್ತಿರವೂ ಸುಳಿಯಬೇಡ ಎಂದು ಡಾಕ್ಟರು ಹೇಳಿದ್ದರು. ಶಾಲೆಯಲ್ಲಿ ಅದು ಗೊತ್ತಿದ್ದದ್ದು ಪಕ್ಕದಲ್ಲಿ ಕೂರುತ್ತಿದ್ದ ನನಗೊಬ್ಬಳಿಗೇ.

“ನೀರಿನ ಬಣ್ಣದಲ್ಲೇ ಮಾಡಕ್ಕ,” ಎಂದರೆ, “ಕುದುರೆ ಮೈ ಹೊಳಪು ಅದ್ರಲ್ಲಿ ಬರಲ್ಲ ಕಣೇ. ಎಣ್ಣೆಬಣ್ಣದ ವಿಷ್ಯ ಮನೇಲಿ ಮಾತ್ರ ಹೇಳ್ಬೇಡ. ಗೊತ್ತಾದ್ರೆ ಓದೇ ಬಿಡಿಸ್ಬಿಡ್ತಾರೆ,” ಅನ್ನುತ್ತಿದ್ದಳು. ಪರದೆಯಾಚೆಯ ಕೆಮ್ಮಿಗೆ ಕಿವಿಗೊಟ್ಟುಕೊಂಡೇ ನಾನು ಬ್ರಷ್ ಆಡಿಸುತ್ತಿದ್ದೆ.

ಪರೀಕ್ಷೆ ಹತ್ತಿರವಿದ್ದ ಒಂದು ಮಧ್ಯಾಹ್ನ ಜೋರು ಮಳೆ. ಎರಚಲು ಹೊಡೆದು ಚಿತ್ರಗಳು ಹಾಳಾದಾವೆಂದು ಎಲ್ಲ ಕಿಟಕಿ ಮುಚ್ಚಿದರು. ಘಾಟು ಒಳಗೇ ಕಟ್ಟಿಕೊಂಡಿತು. ಅಕ್ಕನ ಕೆಮ್ಮು ಶುರುವಾಯಿತು, ಹೆಚ್ಚಾಯಿತು... ಆಮೇಲೆ ಥಟ್ಟನೆ ನಿಂತುಹೋಯಿತು.

ಪರದೆ ಎಳೆದೆ. ನೆಲದ ಮೇಲೆ ಕುಸಿದು ಕೂತಿದ್ದಳು, ತುಟಿ ನೀಲಿಗಟ್ಟಿತ್ತು. ಉಬ್ಬಸಕ್ಕೆ ಸೇದುವ ಪಂಪನ್ನು ಅಲ್ಲಾಡಿಸಿ ತೋರಿಸಿದಳು. ಔಷಧಿ ಮುಗಿದಿತ್ತು. ನಾವು ಹುಡುಗಿಯರೇ ಎತ್ತಿಕೊಂಡು ಹೋಗಿ ಆಟೋದಲ್ಲಿ ಕೂರಿಸಿದೆವು. ಆಸ್ಪತ್ರೆ ಬಾಗಿಲವರೆಗೂ ಉಗುರು ಊರುವಂತೆ ನನ್ನ ಕೈ ಹಿಡಿದಿದ್ದಳು.

ಉಳಿದುಕೊಂಡಳು. ಮಾರನೆಯ ದಿನ ಅವಳ ಅಪ್ಪ ಓದು ಬಿಡಿಸಿ ಸಾಮಾನು ಒಯ್ಯಲು ಸ್ಟುಡಿಯೊಗೆ ಬಂದರು. ಮುಖ ಗಂಟಿಕ್ಕಿತ್ತು. ಪರದೆ ಸರಿಸಿದವರು ಚಿತ್ರದಲ್ಲಿ ತಮ್ಮನ್ನೇ ಕಂಡು ನಿಂತುಬಿಟ್ಟರು. ಎಲ್ಲಿ ಹರಿದು ಹಾಕುತ್ತಾರೋ ಎಂದು ನಾನು ಚಿತ್ರದ ಪಕ್ಕಕ್ಕೇ ಬಂದು ನಿಂತೆ.

“ಇನ್ನೆಷ್ಟು ಬಾಕಿ ಐತಮ್ಮ?” ಎಂದರು.

“ನಿಮ್ಮ ಕೈಗಳು ಮಾತ್ರ,” ಎಂದೆ.

ಅವರು ಬೆಂಚನ್ನು ಹೆಗಲಿಗೇರಿಸಿಕೊಂಡು ಹೊರಗಿನ ವರಾಂಡಕ್ಕೆ ಸಾಗಿಸಿದರು. ಆಸ್ಪತ್ರೆಯಿಂದ ಬಂದ ಅಕ್ಕ ಮೂಗಿಗೆ ದುಪಟ್ಟಾ ಕಟ್ಟಿಕೊಂಡು, ಗಾಳಿಯಾಡುವ ಆ ಜಾಗದಲ್ಲೇ ಚಿತ್ರ ಮುಗಿಸಿದಳು. ಎದುರಿಗೆ ಅವಳ ಅಪ್ಪ, ಕುದುರೆಯ ಕೊರಳು ಅಲ್ಲೇ ಇದೆಯೇನೋ ಎಂಬಂತೆ ಕೈ ಚಾಚಿ ನಿಂತಿದ್ದರು.

ಆಮೇಲೂ ಅಕ್ಕ ಎಣ್ಣೆಬಣ್ಣ ಬಿಡಲಿಲ್ಲ. ಹೋದ ವರ್ಷ ಕುಣಿಗಲ್‌ನ ಮನೆಯಲ್ಲಿ ಚಿತ್ರ ಬರೆಯುತ್ತಿದ್ದಾಗಲೇ ಉಬ್ಬಸ ಕೆರಳಿತಂತೆ. ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟಳು. ನಾನು ಹೋದಾಗ ಅವಳ ಅಪ್ಪ ಒಳಗೆ ಕರೆದು ಕೂರಿಸಿದರು. “ಅವತ್ತೇ ಓದು ಬಿಡಿಸಿ ಕರ್ಕೊಂಡು ಬಂದಿದ್ರೆ ಬದುಕಿರೋಳು ಅಂತಾರಮ್ಮ ಎಲ್ರೂ. ನೀನು ಅಲ್ಲೇ ಇದ್ದೋಳು. ನೀನೇನಂತೀಯ?” ಎಂದರು.

ಅವರಿಗೆ ಏನು ಹೇಳಬೇಕಿತ್ತು ಎಂದು ಇವತ್ತಿಗೂ ಹುಡುಕುತ್ತಲೇ ಇದ್ದೇನೆ. ಅಕ್ಕ ಇದ್ದಿದ್ದರೆ ಬಿಡಿಸಬೇಕಿತ್ತು ಎಂಬ ಆ ಮಾತಿಗೆ ಅಪ್ಪನ ಜೊತೆ ಜಗಳಕ್ಕೇ ನಿಂತಿರುತ್ತಿದ್ದಳು...