ತಬಸ್ಸುಮ್‌ಳ ಮೊದಲ ರಿಟರ್ನ್

ತಬಸ್ಸುಮ್ ಕೂತು ಊಟ ಮಾಡಿದ್ದನ್ನು ಕಂಡವರು ಕೊಟ್ಟೂರಿನಲ್ಲಿ ಕಡಿಮೆ. ಬೆಳಿಗ್ಗೆ ಅವಳ ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ಕೈಯಲ್ಲಿ ಸ್ಕೂಟಿಯ ಕೀಲಿ. ಬಾಯಿಗೆ ಕೀಲಿ ಹೋಗಿ ಸ್ಕೂಟಿಗೆ ರೊಟ್ಟಿ ಹೋಗದಿರುವುದೇ ದೊಡ್ಡದು. ಅವಳ ತಂದೆ ಉಸ್ಮಾನ್ ಸಾಬ್ ಬೈಕ್ ರಿಪೇರಿಯವರು. ಇಂಜಿನ್ನಿನ ಸದ್ದು ಕೇಳಿಯೇ ಕಾಯಿಲೆ ಹೇಳಬಲ್ಲರು. ಮಗಳ ಕಾಯಿಲೆಯನ್ನೂ ಅದೇ ಭಾಷೆಯಲ್ಲಿ ಹೇಳುತ್ತಾರೆ: "ಗಾಡಿ ನಿಂತೈತಿ, ಇಂಜಿನ್ ಓಡಾಕತ್ತೈತಿ. ಪೆಟ್ರೋಲ್ ದಂಡ."

ಮಗಳ ವಯಸ್ಸು ಮೂವತ್ತಮೂರು. ಓದಿದ್ದು ಬಿ.ಕಾಂ. ಹನ್ನೊಂದು ವರ್ಷದಿಂದ ವಾಹನ ಸಾಲ ಕೊಡುವ ಒಂದು ಫೈನಾನ್ಸ್ ಕಚೇರಿಯಲ್ಲಿ ಕೆಲಸ, ಸೋಮವಾರದಿಂದ ಶನಿವಾರ, ಒಂಬತ್ತರಿಂದ ಆರು. ಅವಳು ತಯಾರಿಸಿದ ಫೈಲುಗಳನ್ನು ಒಟ್ಟಿದರೆ ಟ್ರ್ಯಾಕ್ಟರಿನ ಟ್ರೇಲರ್ ತುಂಬೀತು. ಸಾಲಗಾರನ ಸಹಿಗೆ ಅಲ್ಲಿ ಜಾಗವಿದೆ, ಜಾಮೀನುದಾರನಿಗಿದೆ, ಮ್ಯಾನೇಜರಿಗಿದೆ. ಫೈಲು ಬರೆದವಳಿಗಿಲ್ಲ. ಸಹಿಯಿಲ್ಲದೆ ಹನ್ನೊಂದು ವರ್ಷ ಸಹಿಸಿದ್ದಾಯಿತು. ಇನ್ನು ತನ್ನದೇ ಹೆಸರಿನ ಒಂದು ಬೋರ್ಡು ಬೇಕು, 'ತೆರಿಗೆ ಸಲಹೆಗಾರರು' ಎಂದು, ಎಂಬ ಆಸೆ ಅವಳಿಗೆ ಹತ್ತಿತ್ತು. ಆನ್‌ಲೈನ್ ಕೋರ್ಸು ಮಾಡಿದಳು. ಸರ್ಟಿಫಿಕೇಟು ಬಂತು, ಫ್ರೇಮೂ ಬಂತು. ಗಿರಾಕಿ ಬರಲಿಲ್ಲ.

ಹಾಗಾಗಿ ಎರಡು ವರ್ಷದಿಂದ ಪ್ರತಿ ಭಾನುವಾರ ಅವಳು ಹರಪನಹಳ್ಳಿಯ ಬಸ್ಸು ಹತ್ತುತ್ತಾಳೆ. ಅಲ್ಲಿ ಕಾಂತೇಶ್ ಎಂಬ ಹಿರಿಯರು ಮೂವತ್ತಾರು ವರ್ಷದಿಂದ ಊರ ಜನರ ತೆರಿಗೆ ಬರೆಯುತ್ತಿದ್ದಾರೆ. ಮೊದಲ ದಿನ ಅವಳ ಸರ್ಟಿಫಿಕೇಟನ್ನು ಕನ್ನಡಕ ಏರಿಸಿ ನೋಡಿ ಅಂದಿದ್ದರು:

"ಸೆಕ್ಷನ್ ಕೇಳಿದ್ರೆ ಪಟಪಟ ಹೇಳ್ತೀಯ. ಎದುರಿಗೆ ಕುಂತ ಮನುಷ್ಯನ್ನ ಏನು ಕೇಳಬೇಕು ಅಂತ ಗೊತ್ತೇನಮ್ಮ?"

"ಗೊತ್ತಿಲ್ಲ ಸರ್. ಕಲಿಯಾಕ ಬಂದೀನಿ."

"ಹಂಗಾದ್ರೆ ಝೆರಾಕ್ಸ್ ಮಿಷಿನ್ ಅಲ್ಲೈತೆ."

ಭಾನುವಾರ ರಿಟರ್ನ್ ಹಾಕುವವರ ಪಕ್ಕ ನಿಂತು ಝೆರಾಕ್ಸ್ ಹಾಕುವುದು, ಸಂಜೆ ತಾನು ಕೊಟ್ಟೂರಿಗೆ ರಿಟರ್ನ್ ಆಗುವುದು: ಇದು ಅವಳ ಅನುಭವ. ಆದರೆ ಒಂದು ಸಂಗತಿಯನ್ನು ಯಾವ ಕೋರ್ಸೂ ಹೇಳಿರಲಿಲ್ಲ. ವಾರವಿಡೀ ಫೈನಾನ್ಸಿನಲ್ಲಿ ಸಾಲ ಕೇಳಲು ಬಂದವರ ಆದಾಯ ಉಬ್ಬಿರುತ್ತದೆ. ಭಾನುವಾರ ತೆರಿಗೆಯ ಮೇಜಿನ ಮುಂದೆ ಅದೇ ಆದಾಯ ಪಂಕ್ಚರ್ ಆಗಿರುತ್ತದೆ. ಹಗರಿಬೊಮ್ಮನಹಳ್ಳಿಯ ಖಾನಾವಳಿಯವನೊಬ್ಬ ಶುಕ್ರವಾರ ಅವಳೆದುರು ತಿಂಗಳಿಗೆ ಎಂಬತ್ತು ಸಾವಿರ ದುಡಿದಿದ್ದ. ಭಾನುವಾರ ಕಾಂತೇಶರ ಮುಂದೆ "ಹೊಟ್ಟಿಗಾದ್ರ ಬಟ್ಟಿಗಿಲ್ಲ ಸಾರ್" ಅನ್ನುತ್ತಿದ್ದವನು ಝೆರಾಕ್ಸ್ ಮಿಷಿನ್ನಿನ ಹತ್ತಿರ ಇವಳನ್ನು ಕಂಡು ಬೆವೆತ. "ಅಕ್ಕಾರ, ನೀವು ಇಲ್ಲೂ ಅದೀರೇನ್ರಿ?"

"ಅದೀನ್ರಿ. ಎರಡು ದಿನದಾಗ ಬಾಳ ಸೊರಗೀರಲ್ಲ!"

ಕಾಂತೇಶರು ನಗಲಿಲ್ಲ. ಆದರೆ ಆ ದಿನವೇ ಮಾತು ಕೊಟ್ಟರು. "ಒಂದು ರಿಟರ್ನ್ ತಗೋ. ಗಿರಾಕಿ ನಿಂದೇ, ಕೆಲಸ ನಿಂದೇ, ತಪ್ಪೂ ನಿಂದೇ. ಮೊದಲಿಂದ ಕೊನೇತನಕ ಸರಿಯಾಗಿ ಮುಗಿಸಿದ್ರೆ ಯುಗಾದಿಗೆ ನಿನಗೆ ಬೇರೆ ಮೇಜು, ಬೋರ್ಡಿನ ಮೇಲೆ ಹೆಸರು. ಕೆಡಿಸಿದ್ರೆ ಇನ್ನೊಂದು ವರ್ಷ ಝೆರಾಕ್ಸ್."

ಗಿರಾಕಿ ತಾನಾಗಿಯೇ ಬಂದ. ಕೂಡ್ಲಿಗಿ ತಾಲೂಕಿನ ಹೊಸಹಳ್ಳಿ ಕಡೆಯ ಕುರಿಗಾರ ದೊಡ್ಡಬೀರಪ್ಪ. ಕುರಿ ಮಾರಿದ ದುಡ್ಡನ್ನು ಬ್ಯಾಂಕಿನಲ್ಲಿ ಡಿಪಾಜಿಟ್ ಇಟ್ಟಿದ್ದ. ಬಡ್ಡಿಯಲ್ಲಿ ಎಂಟು ಸಾವಿರದ ನಾನೂರು ರೂಪಾಯಿ ತೆರಿಗೆಗೆಂದು ಹಿಡಿದಿದ್ದರು. ಬ್ಯಾಂಕಿನ ಚೀಟಿಯ ಮೇಲೆ 'ಮೂಲದಲ್ಲೇ ಕಡಿತ' ಎಂದಿತ್ತು. ನಾಯಿ ಕಡಿತ, ಹಾವಿನ ಕಡಿತ ಬಲ್ಲ ದೊಡ್ಡಬೀರಪ್ಪನಿಗೆ ಈ ಕಡಿತಕ್ಕೆ ಔಷಧ ಎಲ್ಲಿ ಸಿಗುತ್ತದೆಂದು ತಿಳಿಯದೆ, ಪರಿಚಯದವಳೆಂದು ತಬಸ್ಸುಮ್‌ಳ ಬಳಿ ಬಂದಿದ್ದ.

"ನಾವು ಉಣ್ಣೆ ಕತ್ತರಿಸಿದ್ರ ಕುರಿಗೆ ತಿರುಗಿ ಬೆಳೀತೈತಿ ಮೇಡಮ್ಮರ. ನಂದು ಬೆಳೀತೈತಾ?"

"ರಿಟರ್ನ್ ಹಾಕಿದ್ರ ಬೆಳೀತೈತ್ರಿ ಯಜಮಾನ್ರ."

ಡಿಸೆಂಬರ್ ಇಪ್ಪತ್ತೆರಡರ ಭಾನುವಾರ ಅವನನ್ನು ಹರಪನಹಳ್ಳಿಗೆ ಕರೆಸಿದಳು. ಎಷ್ಟು ಮರಿ ಮಾರಿದಿರಿ, ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ನಿಲ್ಲಿಸಿದ್ದಕ್ಕೆ ರೈತರು ಏನು ಕೊಟ್ಟರು, ಎಲ್ಲವನ್ನೂ ಕೇಳಿ ಬರೆದಳು. ಕೂಡಿಸಿದರೂ ತೆರಿಗೆಯ ಗೆರೆ ಮುಟ್ಟಲಿಲ್ಲ; ಹಿಡಿದ ದುಡ್ಡಷ್ಟೂ ವಾಪಸು ಬರಬೇಕು. ರಿಟರ್ನ್ ಕಳಿಸಿದಳು. ಉಳಿದದ್ದು ಒಂದೇ ಹೆಜ್ಜೆ. ಇದು ನನ್ನದೇ ರಿಟರ್ನ್ ಎಂದು ಅವನು ಒಪ್ಪಿಕೊಳ್ಳಬೇಕು. ಅದಕ್ಕೆ ಆಧಾರ್‌ಗೆ ಜೋಡಿಸಿದ ಫೋನಿಗೆ ಒಟಿಪಿ ಬರುತ್ತದೆ. ಆ ಫೋನು ಎಲ್ಲಿ?

"ಕುರಿ ಹಿಂದ ಐತಿ. ನಮ್ಮಾಕಿ ಪಕ್ಕೀರಮ್ಮನ ತಾವ."

ಮೂವತ್ತು ದಿನ ಸಮಯವಿತ್ತು. ಕೊಟ್ಟೂರಿನ ಬಸ್ಸಿಗೆ ಮೂರು ನಿಮಿಷವಿತ್ತು. ತಬಸ್ಸುಮ್ 'ನಂತರ ದೃಢೀಕರಿಸುವೆ' ಎಂಬ ಗುಂಡಿ ಒತ್ತಿ ಓಡಿದಳು.

ಆಮೇಲೆ ಆ ಫೋನು ಹತ್ತಲಿಲ್ಲ. ಒಂದು ದಿನ ಸ್ವಿಚ್ ಆಫ್, ಒಂದು ದಿನ ವ್ಯಾಪ್ತಿ ಪ್ರದೇಶದ ಹೊರಗೆ. ಕುರಿ ಮೇವಿನ ಹಿಂದೆ, ಫೋನು ಕುರಿಯ ಹಿಂದೆ. ಫೈನಾನ್ಸಿನಲ್ಲಿ ವಸೂಲಿಯ ಗುರಿ, ಇಲ್ಲಿ ಕುರಿ. ಎರಡರ ನಡುವೆ ಜನವರಿ ಕರಗಿತು. ಇಪ್ಪತ್ತೊಂದನೇ ತಾರೀಕು ಮಂಗಳವಾರ ಬೆಳಿಗ್ಗೆ ಕಾಂತೇಶರ ಫೋನು ಬಂತು.

"ಇವತ್ತು ಮೂವತ್ತನೇ ದಿನ. ಇವತ್ತು ದಾಟಿದ್ರೆ ನೀ ಕಳಿಸಿದ ರಿಟರ್ನಿಗೆ ಬೆಲೆ ಇಲ್ಲ. ಹೊಸದಾಗಿ ಹಾಕೋ ಕಾಲಾನೂ ಮುಗಿದೈತೆ. ಆ ಕುರಿಗಾರನ ಎಂಟು ಸಾವಿರ ಹೋತು."

"ನನ್ನ ಮೇಜೂ ಹೋತು ಅನ್ರಿ ಸರ್."

"ಅದನ್ನ ನಾ ಹೇಳಬೇಕೇನಮ್ಮ?"

ಒಂಬತ್ತೂಕಾಲಿಗೆ, ಹನ್ನೊಂದನೇ ಪ್ರಯತ್ನಕ್ಕೆ, ಫೋನು ಹತ್ತಿತು. ಗಾಳಿಯ ಸದ್ದು, ಕುರಿಯ ಸದ್ದು, ನಡುವೆ ದೊಡ್ಡಬೀರಪ್ಪ. ತಬಸ್ಸುಮ್ ಒಂದೇ ಉಸಿರಿಗೆ ಹೇಳಿದಳು: "ಯಜಮಾನ್ರ, ಈಗ ನಿಮಗ ಆರು ಅಂಕಿ ಬರ್ತಾವು, ಅವನ್ನ ಓದಿ ಹೇಳ್ರಿ ಸಾಕು."

ಆ ಕಡೆ ಫೋನು ಕೈ ಬದಲಾಯಿಸಿತು. ಆಮೇಲೆ ಪಕ್ಕೀರಮ್ಮನ ದನಿ. "ಯಾರದು, ಒಟಿಪಿ ಕೇಳೋರು?"

"ನಾನ್ರೀ ಪಕ್ಕೀರಮ್ಮಾರ, ತಬಸ್ಸುಮ್. ಫೈನಾನ್ಸಿನಾಕಿ."

"ನೀವಾ ಹೇಳೀರಲ್ಲವಾ. ಹೆಂಗ ಕೊಡಾನ?"

ತಬಸ್ಸುಮ್‌ಳಿಗೆ ಹೊಸಹಳ್ಳಿಯ ಶಿಬಿರ ನೆನಪಾಯಿತು. ಹೋದ ಮಳೆಗಾಲದಲ್ಲಿ ಮೋಸದ ಫೋನುಗಳ ಬಗ್ಗೆ ಜನಕ್ಕೆ ತಿಳಿಹೇಳಲು ಫೈನಾನ್ಸಿನವರು ಅವಳನ್ನೇ ಕಳಿಸಿದ್ದರು. ಮೈಕು ಸಿಕ್ಕ ಹುರುಪಿನಲ್ಲಿ ಅವಳು ಕೂಗಿದ್ದಳು: "ಒಟಿಪಿ ಅಂದ್ರ ಮನಿ ಕೀಲಿ. ಬ್ಯಾಂಕಿನವರು ಕೇಳಿದ್ರೂ ಕೊಡಬ್ಯಾಡ್ರಿ, ಬೀಗರು ಕೇಳಿದ್ರೂ ಕೊಡಬ್ಯಾಡ್ರಿ. ನಾಳಿ ನಾನಾ ಫೋನ್ ಮಾಡಿ ಅಳಕೋಂತ ಕೇಳಿದ್ರೂ ಕೊಡಬ್ಯಾಡ್ರಿ!" ಚಪ್ಪಾಳೆ ಬಿದ್ದಿತ್ತು. ಮೊದಲ ಸಾಲಿನಲ್ಲಿ ಎಲ್ಲರಿಗಿಂತ ಜೋರಾಗಿ ತಟ್ಟಿದ್ದವಳು ಪಕ್ಕೀರಮ್ಮ.

"ಪಕ್ಕೀರಮ್ಮಾರ, ಇದು ಬ್ಯಾರೆ ಐತ್ರಿ. ಇದು ನಿಮ್ಮ ರೊಕ್ಕ ಬರಾದು..."

"ರೊಕ್ಕ ಬರತೈತಿ ಅಂತನಾ ಕೇಳ್ತಾರ ಅಂತನೂ ನೀವಾ ಹೇಳೀರಿ. ಈಗೇನು, ಅಳ್ತೀರೇನು?"

ಅಳುವಂತೆಯೇ ಆಗಿತ್ತು. "ಎಲ್ಲದೀರಿ ಅಷ್ಟು ಹೇಳ್ರಿ, ನಾನಾ ಬರ್ತೀನಿ" ಅಂದಳು. "ಇಟ್ಟಿಗಿ ತಾವ" ಎಂಬಲ್ಲಿಗೆ ಫೋನು ಸತ್ತಿತು.

ಮ್ಯಾನೇಜರ್ ಮೌನೇಶ್ ಹೆಸರಿಗಷ್ಟೇ ಮೌನಿ. "ನಾಳಿ ಆಡಿಟ್ ಐತ್ರಿ ಮೇಡಂ! ಇವತ್ತು ಕುರಿ ಹುಡುಕಾಕ ರಜಾ ಕೇಳ್ತೀರಲ್ಲ, ಹೆಡ್ ಆಫೀಸಿಗೆ ಏನಂತ ಬರೀಲಿ?"

"ವೈಯಕ್ತಿಕ ಕಾರಣ ಅಂತ ಬರೀರಿ ಸರ್."

"ಮೂರಕ್ಕ ಕುರ್ಚಿ ಮ್ಯಾಲ ಇರಬೇಕು. ಇಲ್ಲಾಂದ್ರ ಪೂರ್ತಿ ದಿನದ ಪಗಾರ ಕಟ್."

ಇನ್ನೊಂದು ಕಡಿತ. ತಬಸ್ಸುಮ್ ಆಗಲೇ ಹೆಲ್ಮೆಟ್ಟಿನೊಳಗಿದ್ದಳು.

ಹಡಗಲಿ ತಾಲೂಕಿನ ಇಟ್ಟಿಗಿ ಮುಟ್ಟುವಾಗ ಹನ್ನೊಂದೂವರೆ. ಊರ ಹೊರಗಿನ ಹೊಲವೊಂದರಲ್ಲಿ ಹಿಕ್ಕೆ ಹಾಸಿತ್ತು, ಕುರಿ ಇರಲಿಲ್ಲ. ಹೊಲದ ಒಡೆಯ ಹೊನ್ನೂರಸ್ವಾಮಿ ತೊಗರಿ ಕಟ್ಟಿಗೆ ಹೊರೆ ಕಟ್ಟುತ್ತಿದ್ದ.

"ಬೀರಪ್ಪನೇನ್ರಿ? ಮೂರು ದಿನ ನಿಲ್ಲಿಸಿದ್ದ. ಈಗ ಎಬ್ಬಿಸಿಗೆಂಡು ಹೋದ. ಹಿಂಗ ಹೋಗ್ಯಾನ" ಎಂದು ಕೈ ತೋರಿಸಿದ. ಆ ಕೈಯ ಗುರಿಯಲ್ಲಿ ಅರ್ಧ ತಾಲೂಕೇ ಇತ್ತು. "ಹಿಕ್ಕಿ ನೋಡಿಗೆಂತ ಹೋಗ್ರಿ. ಹಸೀದು ಕಂಡ್ರ ಹತ್ರ ಅದಾರಂತ ತಿಳಕರ್ರಿ."

ಹೀಗೆ ಬಿ.ಕಾಂ. ಪದವೀಧರೆ ಬಂಡಿದಾರಿಯಲ್ಲಿ ಹಿಕ್ಕೆಯ ತಾಜಾತನ ಪರೀಕ್ಷಿಸುತ್ತ ಹೊರಟಳು. ಎರಡು ಸಲ ದಾರಿ ತಪ್ಪಿದಳು. ಒಂದು ಸಲ ಸಿಕ್ಕಿದ್ದು ಬೇರೆಯವರ ಕುರಿ. ಗಂಟೆ ಹನ್ನೆರಡೂವರೆ, ಒಂದು, ಒಂದೂ ಹತ್ತು. ಡಬ್ಬಿಯ ರೊಟ್ಟಿ ಡಬ್ಬಿಯಲ್ಲೇ ಕುಣಿಯುತ್ತಿತ್ತು. ಒಂದೂವರೆಗೆ, ಜಾಲಿಗಿಡಗಳಾಚೆಯ ತಗ್ಗಿನಲ್ಲಿ, ಮುನ್ನೂರು ಕುರಿಯ ಹಿಂದೆ ದೊಡ್ಡಬೀರಪ್ಪನ ತಲೆಯ ಕೆಂಪು ಪಟಗ ಕಂಡಿತು.

ದೊಡ್ಡಬೀರಪ್ಪ ನೀರು ಕೊಟ್ಟ. ಪಕ್ಕೀರಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿ, "ಅವರಾ ಅದಾರ" ಎಂದು ಗಂಡನಿಗೆ ಖಾತ್ರಿ ಮಾಡಿದಳು. ಆಮೇಲೆ ಸೊಂಟದ ಚೀಲ ಬಿಗಿ ಹಿಡಿದಳು. ಫೋನು ಅದರಲ್ಲಿತ್ತು.

"ಇಷ್ಟು ದೂರ ಬಂದೀನಲ್ರಿ. ಈಗರ ಹೇಳ್ತೀರಾ?"

"ನಾನಾ ಬಂದು ಕೇಳಿದ್ರೂ ಕೊಡಬ್ಯಾಡ್ರಿ ಅಂದಿದ್ರ್ಯಾ ಇಲ್ಲಾ?"

"ಫೋನ್ ಮಾಡಿ ಅಂದಿದ್ದೆ!"

"ಫೋನಿಗಾ ಕೊಡಬಾರದಂದ್ರ, ಬಂದೋರಿಗೆ ಇನ್ನೂ ಬಿಗಿ ಆತು." ಪಕ್ಕೀರಮ್ಮನ ಮುಖದಲ್ಲಿ ನಗುವಿರಲಿಲ್ಲ. "ನಿಮ್ಮ ಮ್ಯಾಲ ಸಿಟ್ಟಿಲ್ಲವಾ. ಹೋದ ವರ್ಷ ನಮ್ಮ ಅಕ್ಕನ ಮಗಗ ಹಿಂಗಾ ಕೇಳಿ ನಲವತ್ತು ಸಾವಿರ ತಿಂದ್ರು. ಅದಕ್ಕಾ ಆವತ್ತು ನಿಮ್ಮ ಮಾತಿಗೆ ಅಷ್ಟು ಚಪ್ಪಾಳಿ ತಟ್ಟಿದ್ದು."

ತಬಸ್ಸುಮ್ ಹೆಲ್ಮೆಟ್ ತೆಗೆದು ಸ್ಕೂಟಿಯ ಮೇಲಿಟ್ಟು ಯೋಚಿಸಿದಳು. ಈ ಹೆಂಗಸನ್ನು ಒಪ್ಪಿಸಿ ಆರು ಅಂಕಿ ಕಿತ್ತುಕೊಂಡರೆ ನಾಳೆ ಬೇರೆ ಯಾರೋ ಒಪ್ಪಿಸಿ ಕಿತ್ತುಕೊಳ್ಳುತ್ತಾರೆ. ಕಿತ್ತುಕೊಳ್ಳದಿದ್ದರೆ ಎಂಟು ಸಾವಿರದ ನಾನೂರು ಇವತ್ತೇ ಹೋಗುತ್ತದೆ. ಎದುರಿಗೆ ಕುಂತ ಮನುಷ್ಯನ್ನ ಏನು ಕೇಳಬೇಕು ಅಂತ ಗೊತ್ತೇನಮ್ಮ? ಎದುರಿಗೆ ಯಾರೂ ಕುಂತಿರಲಿಲ್ಲ, ಎಲ್ಲರೂ ನಿಂತಿದ್ದರು. ಆದರೆ ಕಾಂತೇಶರ ಪ್ರಶ್ನೆ ಅದೇ.

"ಪಕ್ಕೀರಮ್ಮಾರ, ನಿಮಗ ಅಂಕಿ ಓದಾಕ ಬರ್ತಾವೇನ್ರಿ?"

"ಬರದ ಏನು? ಸಂಘದ ಪುಸ್ತಕ ನಾನಾ ನೋಡಾದು."

"ಹಂಗಾದ್ರ ನನಗ ಹೇಳಬ್ಯಾಡ್ರಿ. ನನ್ನ ಫೋನ್ ನೀವು ಹಿಡೀರಿ. ನಿಮ್ಮ ಫೋನಿಗೆ ಬಂದ ಆರು ಅಂಕಿ ನೋಡಿ ನನ್ನ ಫೋನಿನಾಗ ನೀವಾ ಒತ್ರಿ. ನಾನು ಆ ಕಡಿ ಮುಖ ಮಾಡಿ ನಿಲ್ತೀನಿ."

ಗಂಡ ಹೆಂಡಿರು ಮುಖ ಮುಖ ನೋಡಿಕೊಂಡರು. "ಕೀಲಿ ನಮ್ಮ ಕೈಯಾಗಾ ಇರ್ತೈತಲ್ಲ" ಅಂದ ದೊಡ್ಡಬೀರಪ್ಪ. ಪಕ್ಕೀರಮ್ಮ ಚೀಲ ಸಡಿಲಿಸಿದಳು.

ಅವಳ ಫೋನು ಬೆಳಗ್ಗೆಯೇ ಸತ್ತದ್ದು, ಇನ್ನೂ ಎದ್ದಿರಲಿಲ್ಲ. ಉಸ್ಮಾನ್ ಸಾಬರು ಮಗಳ ಸ್ಕೂಟಿಗೆ ಒಂದು ಚಾರ್ಜಿಂಗ್ ವೈರು ಜೋಡಿಸಿ, "ಎಲ್ಲರ ನಿಂತಾಗ ಬೇಕಾಗತೈತಿ" ಅಂದಿದ್ದರು. ಮಗಳು ಎಲ್ಲೂ ನಿಲ್ಲದ್ದರಿಂದ ಅದು ಈವರೆಗೆ ಬೇಕಾಗಿರಲಿಲ್ಲ. ಹತ್ತು ನಿಮಿಷಕ್ಕೆ ಫೋನಿಗೆ ಜೀವ ಬಂತು. ತಗ್ಗಿನಲ್ಲಿ ಸಿಗ್ನಲ್ ಬರಲಿಲ್ಲ. ದೊಡ್ಡಬೀರಪ್ಪ ಸ್ಕೂಟಿಯನ್ನು ಹಿಂದಿನಿಂದ ನೂಕಿ ಏರು ಹತ್ತಿಸಿದ. ಮುನ್ನೂರು ಕುರಿ ಮೆರವಣಿಗೆಯಂತೆ ಬೆನ್ನಿಗೆ ಬಂದವು.

ಮೊದಲ ಒಟಿಪಿ ಬರುವಷ್ಟರಲ್ಲಿ ಅದರ ಅವಧಿ ತೀರಿತ್ತು. ಎರಡನೆಯದು ಬೇಗ ಬಂತು. ತಬಸ್ಸುಮ್ ಹತ್ತು ಹೆಜ್ಜೆ ದೂರ ಹೋಗಿ ಬೆನ್ನು ತಿರುಗಿಸಿ ನಿಂತಳು. ಹನ್ನೊಂದು ವರ್ಷದಲ್ಲಿ ಅವಳು ಏನೂ ಮಾಡದೆ ನಿಂತದ್ದು ಇದೇ ಮೊದಲು. ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಒಂದು ಮರಿ ಅವಳ ದುಪಟ್ಟಾದ ತುದಿ ಜಗಿಯತೊಡಗಿತು; ಜಗಿಯಲಿ ಎಂದು ಬಿಟ್ಟಳು.

"ಮೂರು ಒತ್ತಿದ್ರ ಎಂಟು ಬೀಳ್ತೈತಿ!"

"ಅಳಿಸಿ ಒತ್ರಿ! ಅಂಕಿ ಕೂಗಬ್ಯಾಡ್ರಿ ಮತ್ತ, ನನಗ ಕೇಳಸ್ತೈತಿ!"

"ಕಿವಿ ಮುಚ್ಚಿಗ್ಯಳವಾ!"

ತಬಸ್ಸುಮ್ ಎರಡೂ ಕಿವಿ ಮುಚ್ಚಿಕೊಂಡಳು. ಒಳಗೆ ಅವಳದೇ ಇಂಜಿನ್ನಿನ ಸದ್ದು. ಎಷ್ಟು ಹೊತ್ತೋ. ಯಾರೋ ಭುಜ ತಟ್ಟಿದರು. ಪಕ್ಕೀರಮ್ಮ ಫೋನನ್ನು ಅವಳ ಮುಖದ ಮುಂದೆ ಹಿಡಿದಿದ್ದಳು.

"ಹಸಿರು ಗೆರಿ ಬಂದೈತಿ. ಚಲೋದಾ, ಕೆಟ್ಟದ್ದಾ?"

ರಿಟರ್ನ್ ದೃಢೀಕರಣವಾಗಿತ್ತು. ಗಂಟೆ ಎರಡೂ ಐವತ್ತು. ಮೂರಕ್ಕೆ ಕುರ್ಚಿ ಮುಟ್ಟಲು ಹೆಲಿಕಾಪ್ಟರ್ ಬೇಕಿತ್ತು.

ಏರಿನ ಮೇಲಿಂದಲೇ ಕಾಂತೇಶರಿಗೆ ಫೋನು ಮಾಡಿದಳು. "ಸರ್, ಆತು ಸರ್."

"ಒಟಿಪಿ ಹೇಳಿದನಾ?"

"ಇಲ್ಲ ಸರ್. ನಾನು ಕೇಳಲಿಲ್ಲ. ಅವರಾ ಒತ್ತಿದ್ರು."

"ಒಟಿಪಿ ಬಂದಾಗ್ನಿಂದ ನಾ ಎಲ್ಲರ ಹತ್ರಾನೂ ಕೇಳಿಸ್ಕಂಡೇ ಬಂದೀನಮ್ಮ" ಅಂದರು ಕಾಂತೇಶರು. "ಭಾನುವಾರ ಬೇಗ ಬಾ. ಮೇಜು ಎಲ್ಲಿ ಹಾಕೋದು ನೋಡಾನ."

ದೊಡ್ಡಬೀರಪ್ಪ ಫೀಸು ಕೇಳಿದ. ಐನೂರು ಅಂದಳು. ಪಟಗದ ಮಡಿಕೆಯಿಂದ ಐನೂರು ಬಂತು. ಪಕ್ಕೀರಮ್ಮ ಬಲಕ್ಕೆ ಕೈ ತೋರಿ, ಗಾಳೆಪ್ಪನೆಂಬುವನ ಕುರಿ ಆ ಕಡೆ ತೆಲಿಗಿಯತ್ತ ಹೋಗಿವೆ, ಅವನಿಗೂ ಬ್ಯಾಂಕಿನವರು ಕಡಿದಿದ್ದಾರೆ ಎಂದಳು.

"ಅವರದು ಈ ವರ್ಷದ ರಿಟರ್ನ್ ಜುಲೈ ಒಳಗ ಹಾಕಬೇಕ್ರಿ. ಜುಲೈನಾಗ ಅವರು ಎಲ್ಲಿರ್ತಾರ?"

"ಹಸರು ಎಲ್ಲಿರ್ತೈತೋ ಅಲ್ಲಿ."

ತಬಸ್ಸುಮ್ ಆ ಐನೂರರ ನೋಟನ್ನು ಡಬ್ಬಿಯ ಚೀಲದಲ್ಲಿಟ್ಟಳು. ರೊಟ್ಟಿ ತೆಗೆದು ಒಂದು ಕೈಯಲ್ಲಿ ಹಿಡಿದಳು. ಇನ್ನೊಂದು ಕೈ ಕೀಲಿ ತಿರುವುತ್ತಿತ್ತು. ಪಗಾರ ಹೇಗೂ ಕಟ್ ಆಗಿದೆ, ದಿನ ಇನ್ನೂ ಉಳಿದಿದೆ. ತೆಲಿಗಿ ಎಷ್ಟು ದೂರ ಎಂದು ಕೇಳಿದಳು.