ರಟ್ಟಿನ ಮೇಲಿನ ಬಳೆ

ಒಂಬತ್ತನೇ ತರಗತಿಗೆ ಚಲನೆಯ ಮೊದಲನೆಯ ನಿಯಮ ಹೇಳಿಕೊಡಲು ನನಗೆ ಬೇಕಾಗುತ್ತಿದ್ದದ್ದು ಬಾಯಿ ಅಗಲವಾದ ಒಂದು ದೊಡ್ಡ ಬೀಕರು, ಅದನ್ನು ಮುಚ್ಚುವಷ್ಟು ನುಣುಪಾದ ರಟ್ಟು, ನನ್ನ ಕೈಯ ಒಂದು ಗಾಜಿನ ಬಳೆ, ಅಷ್ಟೇ. ಬೀಕರಿಗೆ ಅರ್ಧ ನೀರು ತುಂಬಿ, ತಳಕ್ಕೆ ಒಂದು ಚೂರು ಬಟ್ಟೆ ಹಾಕಿ, ರಟ್ಟು ಮುಚ್ಚಿ, ಮೇಲೆ ಬಳೆ ಇಡುತ್ತಿದ್ದೆ. ರಟ್ಟನ್ನು ನಿಧಾನವಾಗಿ ಎಳೆದರೆ ಬಳೆಯೂ ಅದರ ಜೊತೆಯಲ್ಲೇ ಬರುತ್ತದೆ. ಬೆರಳಿನಿಂದ ಚಟಕ್ಕನೆ ಹೊಡೆದರೆ ರಟ್ಟು ಹಾರಿಹೋಗುತ್ತದೆ, ಬಳೆ ಇದ್ದಲ್ಲೇ ಇದ್ದು ನೆಟ್ಟಗೆ ನೀರಿಗೆ ಬೀಳುತ್ತದೆ. ಪುಸ್ತಕದಲ್ಲಿ ನಾಣ್ಯ ಅಂತ ಬರೆದಿದ್ದರು. ನಾಣ್ಯ ಬೀಳುವುದನ್ನು ಯಾವ ಹುಡುಗಿ ಉಸಿರು ಬಿಗಿಹಿಡಿದು ನೋಡುತ್ತಾಳೆ? ಗಾಜಿನ ಬಳೆ ಅಂದರೆ ಇಡೀ ತರಗತಿ ಎದ್ದು ನಿಲ್ಲುತ್ತಿತ್ತು. ದೊಡ್ಡಬಳ್ಳಾಪುರದ ಆ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನನಗೆ ‘ಬಳೆ ಮಿಸ್ಸು’ ಎಂಬ ಅಡ್ಡಹೆಸರಿತ್ತು. ಅದು ನನಗೆ ಗೊತ್ತಿಲ್ಲವೆಂದು ಹುಡುಗಿಯರು ತಿಳಿದಿದ್ದರು.

ಎಪ್ಪತ್ತರ ದಶಕದ ಶುರುವಿನ ಒಂದು ಆಷಾಢದಲ್ಲಿ ನನ್ನ ಯಜಮಾನರು ತೀರಿಕೊಂಡರು. ಕಚೇರಿಗೆ ಹೊರಟು ಚಪ್ಪಲಿ ಮೆಟ್ಟಲು ಬಾಗಿದವರು ಮೇಲೇಳಲಿಲ್ಲ. ಅವರು ಕುಡಿದಿಟ್ಟ ಕಾಫಿ ಲೋಟ ಕಿಟಕಿಯಲ್ಲಿ ಇನ್ನೂ ಬೆಚ್ಚಗಿತ್ತು. ತಿಥಿಯ ದಿನ ಹೆಂಗಸರು ಸುತ್ತ ಕೂತು ನನ್ನ ಬಳೆ ಒಡೆದರು. ನಾನು ಅಳಲಿಲ್ಲ. ಗರ ಬಡಿದವಳ ಹಾಗೆ ಕೂತಿದ್ದೆ. “ಅತ್ಬಿಡು ತಾಯಿ, ಹಗುರಾಗ್ತದೆ” ಅಂತ ಒಬ್ಬರು ಬೆನ್ನು ಸವರಿದರು. ಹಗುರವಾಗುವುದಕ್ಕೆ ಮೊದಲು ಭಾರ ಅನ್ನಿಸಬೇಕಲ್ಲ? ನನಗೆ ಏನೂ ಅನ್ನಿಸುತ್ತಿರಲಿಲ್ಲ. ಬಾಯಿಗೆ ಹಾಕಿಕೊಂಡ ಸಾರು ಬಿಸಿಯೋ ತಣ್ಣಗೋ ತಿಳಿಯುತ್ತಿರಲಿಲ್ಲ.

ನಮಗೆ ಮಕ್ಕಳಿರಲಿಲ್ಲ. ತಿಂಗಳು ತುಂಬುವ ಹೊತ್ತಿಗೆ ಸಮೇತನಹಳ್ಳಿಯಿಂದ ಭಾವ, ಅಂದರೆ ಯಜಮಾನರ ಅಣ್ಣ, ನನ್ನನ್ನು ಊರಿಗೆ ಕರೆದುಕೊಂಡು ಹೋಗಲು ಬಂದರು. ಅವತ್ತು ಬೆಳಿಗ್ಗೆ ಅವರಿಗೆ ಅನ್ನ ಮಾಡಿ, ಒಲೆಯ ಮೇಲಿದ್ದ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿಬಿಟ್ಟೆ. ಸಂಜೆ ಬೆರಳಲ್ಲಿ ಬೊಬ್ಬೆ ನೋಡಿದ ಮೇಲೆ ಸುಟ್ಟುಕೊಂಡಿದ್ದೇನೆ ಅಂತ ಗೊತ್ತಾಯಿತು. ಭಾವ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಎದುರು ಮಾತಾಡುವುದು ಸುಲಭವಾಗುತ್ತಿತ್ತು.

“ನೋಡಮ್ಮ, ಬರಿಗೈಲಿ ಬರಿಹಣೇಲಿ ಆ ಹೆಣ್ಮಕ್ಕಳ ಮುಂದೆ ನಿಂತ್ಕೊಂಡು ಏನ್ ಪಾಠ ಹೇಳ್ತೀಯ? ನಾಳೆ ಯಾವಳೋ ತಾಯಿ ಬಂದು ಒಂದ್ ಮಾತು ಅಂದ್ಬಿಟ್ರೆ ತಡ್ಕೋತೀಯಾ? ಕೆಲ್ಸ ಬಿಟ್ಬಿಡು. ನಮ್ಮನೇಲಿ ನಿನ್ನ ಊಟಕ್ಕೆ ಏನ್ ಬರ ಬಂದಿಲ್ಲ.”

ನಾನು “ಹೂಂ” ಅಂದೆ. ಆ ದಿನಗಳಲ್ಲಿ ಯಾರು ಏನು ಹೇಳಿದರೂ ಹೂಂ ಅನ್ನುತ್ತಿದ್ದೆ. ಬಾವಿಗೆ ಬೀಳು ಅಂದಿದ್ದರೂ ಅನ್ನುತ್ತಿದ್ದೆನೋ ಏನೋ.

ಮರುದಿನ ಶನಿವಾರ, ಬೆಳಗಿನ ಸ್ಕೂಲು. ಕೆಲಸ ಬಿಡುವ ವಿಷಯ ತಿಳಿಸಲು ಇಬ್ಬರೂ ಹೋದೆವು. ನಮ್ಮ ಹೆಡ್ಮಿಸ್ಟ್ರೆಸ್ ನಯವಾದ ಮಾತಿನವರಲ್ಲ. ಭಾವ ಹೇಳಿದ್ದನ್ನೆಲ್ಲ ಕೇಳಿ ನನ್ನ ಕಡೆ ತಿರುಗಿದರು.

“ಬಿಡೋದಾದ್ರೆ ಬಿಡಿ, ಯಾರೂ ನಿಮ್ಮನ್ನ ಕಟ್ಟಿಹಾಕಿಲ್ಲ. ಒಂಬತ್ತನೇ ಕ್ಲಾಸಿಗೆ ಚಲನೆ ಪಾಠ ಅರ್ಧಕ್ಕೇ ನಿಂತುಹೋಗಿದೆ. ಇವತ್ತು ಒಂದು ಪೀರಿಯಡ್ ತಗೊಳ್ಳಿ. ಬೆಲ್ ಹೊಡೆದ ಮೇಲೆ ನೀವೇ ಬಂದು ಬಾಯಿಬಿಟ್ಟು ಹೇಳಿ, ಬಿಡ್ತೀನಿ ಅಂತ. ಇವರು ಹೇಳಿದ್ರೆ ನಾನು ಕೇಳಲ್ಲ.”

ಅದಕ್ಕೂ ಹೂಂ ಅಂದೆ. ಭಾವ ತರಗತಿಯ ಹೊರಗೆ ಜಗುಲಿಯ ಬೆಂಚಿನ ಮೇಲೆ ಟವಲ್ಲು ಮಡಚಿಟ್ಟುಕೊಂಡು ಕೂತರು.

ಒಳಗೆ ಹೋದೆ. ಹುಡುಗಿಯರು ಎದ್ದು ನಮಸ್ಕಾರ ಹೇಳಿ ಕೂತರು. ಏನೋ ಸರಿಯಿಲ್ಲ ಅನ್ನಿಸಿತು, ಏನೆಂದು ತಿಳಿಯಲಿಲ್ಲ. ಬೀದಿಯಾಚೆಯ ಮಗ್ಗಗಳ ಸದ್ದು ಎಂದಿಗಿಂತ ಜೋರಾಗಿ ಕೇಳುತ್ತಿತ್ತು. ಬೀಕರಿಗೆ ನೀರು ತುಂಬಿ, ತಳಕ್ಕೆ ಬಟ್ಟೆ ಹಾಕಿ, ರಟ್ಟು ಮುಚ್ಚಿ, ಪುಸ್ತಕದಲ್ಲಿದ್ದ ಹಾಗೆ ನಾಣ್ಯ ಇಟ್ಟು ಹೊಡೆದೆ. ನಾಣ್ಯ ನೀರಿಗೆ ಬಿತ್ತು. ಅದನ್ನು ಒಬ್ಬಳೂ ನೋಡಲಿಲ್ಲ, ಎಲ್ಲರ ಕಣ್ಣೂ ನನ್ನ ಮಣಿಕಟ್ಟಿನ ಮೇಲಿತ್ತು.

“ಎಲ್ಲಿ ನೋಡ್ತಿದ್ದೀರಾ? ಬೀಕರು ಇಲ್ಲಿದೆ” ಅಂದೆ. ಎಲ್ಲರೂ ತಲೆ ತಗ್ಗಿಸಿದರು. “ಸರಿ, ಬಳೇಲೇ ಮಾಡೋಣ. ಯಾರಾದ್ರೂ ಒಂದು ಬಳೆ ಕೊಡಿ.”

ಯಾರೂ ಅಲುಗಾಡಲಿಲ್ಲ. ಆಗ ನೋಡಿದೆ. ಡೆಸ್ಕಿನ ಮೇಲಿದ್ದ ಅಷ್ಟೂ ಕೈ ಬರಿಗೈ. ಹುಡುಗಿಯರು ಬರೆಯುವಾಗ, ತಲೆ ಕೆರೆದುಕೊಳ್ಳುವಾಗ ಬಳೆಗಳ ಸದ್ದು ಇದ್ದೇ ಇರುತ್ತಿತ್ತು. ಅದಿಲ್ಲದೆ ಮಗ್ಗದ ಸದ್ದು ಒಳಗೆ ಬಂದು ಕೂತಿತ್ತು.

ಮುಂದಿನ ಬೆಂಚಿನಲ್ಲಿ ನೇಕಾರರ ಮನೆಯ ಹುಡುಗಿಯೊಬ್ಬಳಿದ್ದಳು. ದಿನಾ ಬೆಳಿಗ್ಗೆ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿಟ್ಟು ಬರುತ್ತಿದ್ದಳು. ಅವಳು ಎದ್ದಳು.

“ನೀವು ಆಫೀಸ್ ರೂಮಿಗೆ ಹೋಗೋದು ನೋಡಿದ್ವಿ ಮಿಸ್. ನಿಮ್ಗೆ ಬೇಜಾರಾಗ್ಬಾರ್ದು ಅಂತ ಎಲ್ರೂ ಬಿಚ್ಚಿಟ್ವಿ.”

ಒಬ್ಬಳು ತಿಂಡಿ ಡಬ್ಬಿಯಲ್ಲಿ, ಒಬ್ಬಳು ದಾವಣಿಯ ತುದಿಯ ಗಂಟಿನಲ್ಲಿ, ಹೀಗೆ ಬಚ್ಚಿಟ್ಟಿದ್ದರು. ನನಗೆ ಕೋಪ ಬಂತು. ಇನ್ನೂ ಮದುವೆಯಾಗದ ಮಕ್ಕಳು, ನನಗೋಸ್ಕರ ಬರಿಗೈಯಲ್ಲಿ ಕೂರುವುದೆಂದರೇನು?

“ಯಾರೇ ಹೇಳಿಕೊಟ್ಟಿದ್ದು ನಿಮಗೆ ಈ ಬುದ್ಧಿ? ನಿಮ್ಮಮ್ಮಂದಿರು ನೋಡಿದ್ರೆ ಪೊರಕೆ ತಗೋತಾರೆ. ಹಾಕ್ಕೊಳ್ಳಿ ಮೊದಲು.”

ಗಂಟು ಬಿಚ್ಚಿದರು, ಡಬ್ಬಿ ತೆಗೆದರು. ತರಗತಿಗೆ ಅದರ ಸದ್ದು ಮರಳಿತು. ಕೋಪ ಬಂದಷ್ಟೇ ಬೇಗ ಹೋಯಿತು, ಮತ್ತೆ ಮೊದಲಿನ ಹಾಗೇ ಆದೆ. ನೇಕಾರರ ಹುಡುಗಿ ಒಂದು ಹಸಿರು ಬಳೆ ತಂದು ಮೇಜಿನ ಮೇಲಿಟ್ಟಳು.

“ಒಡೆದ್ರೆ?” ಅಂದೆ.

“ನೀವು ಯಾವತ್ತೂ ಒಡೆದಿಲ್ಲ ಅಂತ ಹತ್ತನೇ ಕ್ಲಾಸಿನವ್ರು ಹೇಳ್ತಾರೆ ಮಿಸ್.”

ಹಿಂದೆ ಇಡುತ್ತಿದ್ದದ್ದು ನನ್ನ ಬಳೆ, ಒಡೆದರೂ ನನ್ನದು. ಇದು ಕನ್ಯೆಯ ಕೈಯ ಹಸಿರು ಬಳೆ. ಗಂಡ ಸತ್ತವಳ ಕೈಯಲ್ಲಿ ಅದು ಒಡೆದರೆ ಸಂಜೆಯೊಳಗೆ ಆ ಮಾತು ಊರೆಲ್ಲ ತುಂಬುತ್ತದೆ, ಆಡುವವರ ಬಾಯಿಗೆ ಬೀಗ ಹಾಕೋಕಾಗುತ್ತದಾ? ಆಮೇಲೆ ನಾನು ಬಿಡುತ್ತೇನೆ ಅನ್ನಬೇಕಾಗಿಯೂ ಇರಲಿಲ್ಲ, ಕೆಲಸವೇ ನನ್ನನ್ನು ಬಿಡುತ್ತಿತ್ತು. ಹೊರಗೆ ಭಾವ ಕಿಟಕಿಯ ಪಕ್ಕದಲ್ಲೇ ಇದ್ದರು. ಬೆರಳಿಗೆ ಏನೂ ತಿಳಿಯುತ್ತಿರಲಿಲ್ಲ. ಒಂದು ಚೂರು ನಿಧಾನವಾದರೂ ಬಳೆ ರಟ್ಟಿನ ಜೊತೆ ಹೋಗಿ ನೆಲಕ್ಕೆ ಬೀಳುತ್ತದೆ. ರಟ್ಟನ್ನು ಮತ್ತೆ ಮುಚ್ಚಿ, ಬಳೆಯನ್ನು ಅದರ ನಡುವೆ ಇಟ್ಟೆ. ಹೊಡೆದೆ.

ರಟ್ಟು ಹಾರಿತು. ಬಳೆ ನೀರಿನೊಳಗೆ ಇಳಿದು ಬಟ್ಟೆಯ ಮೇಲೆ ಕೂತಿತು. ಒಡೆಯಲಿಲ್ಲ.

“ಯಾಕೆ ಕೆಳಗೆ ಬಿತ್ತು?” ಅಂತ ಅವಳನ್ನೇ ಕೇಳಿದೆ.

“ಕೆಳಗಿದ್ದ ಆಸರೆ ತಟ್ಟಂತ ಹೊರಟೋಯ್ತು ಮಿಸ್. ಬಳೆಗೆ ಅದರ ಜೊತೆ ಹೋಗೋಕೆ ಆಗ್ಲಿಲ್ಲ” ಅಂದವಳು ನಾಲಿಗೆ ಕಚ್ಚಿಕೊಂಡಳು. ತರಗತಿಯೆಲ್ಲ ನನ್ನ ಮುಖ ನೋಡಿತು.

“ಉತ್ತರ ಸರಿ. ಬಲ ಅನ್ನೋ ಮಾತು ಸೇರಿಸಿ ಇನ್ನೊಂದ್ಸಲ ಹೇಳು.”

ಹೇಳಿದಳು. ನಾನು ಬೋರ್ಡಿನ ಮೇಲೆ ಬರೆದೆ. ಆಮೇಲೆ ಬಳೆ ತೆಗೆಯಲು ಬೀಕರಿನೊಳಗೆ ಕೈ ಹಾಕಿದೆ. ನೀರು ತಣ್ಣಗಿತ್ತು. ತಣ್ಣಗಿದೆ ಅಂತ ನನಗೆ ಗೊತ್ತಾಯಿತು. ಬೊಬ್ಬೆ ಒಡೆದಿತ್ತೋ ಏನೋ, ಬೆರಳು ಚುರ್ ಅಂದಿತು.

ಬಳೆಯನ್ನು ಒರೆಸಿ ಮೇಜಿನ ಮೇಲಿಟ್ಟು “ತಗೋ” ಅಂದೆ. ಅವಳು ತೆಗೆದುಕೊಳ್ಳಲಿಲ್ಲ. ಬಳೆಗಾರನ ಮುಂದೆ ಹಿಡಿಯುವಂತೆ ಬೆರಳು ಕೂಡಿಸಿ ಕೈ ಚಾಚಿದಳು.

“ತೊಡ್ಸಿ ಮಿಸ್.”

ನನ್ನಂಥವಳು ತೊಡಿಸಬಾರದು ಅನ್ನುವುದು ಅವಳಿಗೆ ಗೊತ್ತಿಲ್ಲದ್ದಲ್ಲ. ತೊಡಿಸಿದೆ. ಬೆಲ್ ಹೊಡೆಯಿತು.

ಜಗುಲಿಯಲ್ಲಿ ಭಾವ ಎದ್ದು ನಿಂತಿದ್ದರು. “ನಡಿಯಮ್ಮ, ಹೆಡ್ ಮೇಡಮ್ಮೋರಿಗೆ ಒಂದ್ ಮಾತು ಹೇಳ್ಬಿಟ್ಟು ಹೊರಡೋಣ.”

“ಇಲ್ಲ ಭಾವ. ಎರಡನೇ ನಿಯಮ ಸೋಮವಾರ ಮಾಡ್ತೀನಿ.”

ಅವರು ನನ್ನನ್ನೇ ನೋಡಿದರು. ತಿಂಗಳಲ್ಲಿ ನಾನು ಮೊದಲ ಸಲ ಇಲ್ಲ ಅಂದಿದ್ದೆ. ಬಲಗೈ ಎತ್ತಿ ಅವರಿಗೆ ತೋರಿಸಿದೆ.

“ಕೈ ಉರೀತಿದೆ ಭಾವ” ಅಂದೆ. ಹಾಗಂದವಳು ಆ ಬೆಂಚಿನ ಮೇಲೆಯೇ ಕುಸಿದು ಕೂತು ಅಳತೊಡಗಿದೆ.